ಕಿಷ್ಕಿಂಧೆಯಿಂದ ಸೇತುವಿಗೆ: ಕೊಪ್ಪಳ–ಬಳ್ಳಾರಿ–ರಾಯಚೂರಿನವರಿಗೆ ರಾಮೇಶ್ವರ ಯಾತ್ರೆಯ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ರಾಮೇಶ್ವರ ಯಾತ್ರೆ ಎಂದರೆ ಟೆಂಪೋ ಟ್ರಾವೆಲರ್ ಎಂದೇ ಅರ್ಥ. ಓಣಿಯ ಹತ್ತು–ಹನ್ನೆರಡು ಮಂದಿ, ಒಂದು ಗ್ಯಾಸ್ ಒಲೆ, ಅಕ್ಕಿ ಚೀಲ. ತಿರುಪತಿ, ಕಂಚಿ, ಶ್ರೀರಂಗ, ರಾಮೇಶ್ವರ, ಕನ್ಯಾಕುಮಾರಿ, ಮಧುರೈ ಎಲ್ಲ ಒಂದೇ ಸುತ್ತಿನಲ್ಲಿ ಮುಗಿಯಬೇಕು. ಇದರಲ್ಲಿ ರಾಮೇಶ್ವರದ ಪಾಲಿಗೆ ಬರುವುದು ಹೆಚ್ಚೆಂದರೆ ಅರ್ಧ ದಿನ. ಬೆಳಗಿನ ಜಾವ ಇಳಿ, ಸಮುದ್ರದಲ್ಲಿ ಮುಳುಗು, ಬಾವಿ ನೀರು ಹೊಯ್ಯಿಸಿಕೋ, ದರ್ಶನ ಮಾಡು, ಗಾಡಿ ಹತ್ತು. ವಾಪಸ್ ಬಂದವರನ್ನು ಏನು ನೋಡಿದಿರಿ ಎಂದು ಕೇಳಿದರೆ ‘ಗದ್ದಲ ಜಾಸ್ತಿ ಇತ್ತು’ ಎನ್ನುತ್ತಾರೆ. ಇರದೆ ಏನು? ಎಲ್ಲ ಟೆಂಪೋಗಳೂ ಅದೇ ಹೊತ್ತಿಗೆ ಅಲ್ಲಿಗೆ ಬಂದಿರುತ್ತವೆ.

ನಾನು ಹೇಳುವುದು ಬೇರೆ. ರಾಮೇಶ್ವರ ಒಂದಕ್ಕೇ ಹೋಗಿ. ದ್ವೀಪದ ಮೇಲೆ ಎರಡು ರಾತ್ರಿ ಮಲಗಿ. ಹೋಗಿಬರುವ ಪ್ರಯಾಣ ಸೇರಿಸಿದರೂ ಒಂದು ವಾರದೊಳಗೆ ಮನೆಯಲ್ಲಿರುತ್ತೀರಿ. ಉಳಿದ ಕ್ಷೇತ್ರಗಳು ಎಲ್ಲಿಗೂ ಓಡಿಹೋಗುವುದಿಲ್ಲ.

ಇನ್ನೊಂದು ಕಾರಣವೂ ಇದೆ. ಆನೆಗೊಂದಿ, ಅಂಜನಾದ್ರಿ, ಪಂಪಾ ಸರೋವರದ ಸುತ್ತ ಇರುವ ನಮಗೆ ಈ ಯಾತ್ರೆ ಬೇರೆಯವರಿಗಿಂತ ಸ್ವಲ್ಪ ಹತ್ತಿರದ್ದು. ವಾನರ ಸೈನ್ಯ ಹೊರಟಿದ್ದು ನಮ್ಮ ಕಿಷ್ಕಿಂಧೆಯಿಂದ, ಹೋಗಿ ಮುಟ್ಟಿದ್ದು ಆ ಸಮುದ್ರಕ್ಕೆ. ಹೊರಡುವ ಮುಂಚೆ ಒಂದು ದಿನ ಬಿಡುವು ಮಾಡಿಕೊಂಡು ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಬನ್ನಿ. ಮಂಡಿ ನೋವಿನವರು ಹಂಪಿ ಬಳಿಯ ಮಾಲ್ಯವಂತ ರಘುನಾಥನ ಗುಡಿಗೆ ಹೋದರೂ ಆಯಿತು. ರಾಮ ಮಳೆಗಾಲದ ನಾಲ್ಕು ತಿಂಗಳು ಕಾದು ಕುಳಿತದ್ದು ಆ ಗುಡ್ಡದಲ್ಲೇ ಎಂಬುದು ನಮ್ಮ ನಂಬಿಕೆ. ಮಂಡಿ ಪರೀಕ್ಷೆಯೂ ಆಗುತ್ತದೆ. ಅಂಜನಾದ್ರಿ ಹತ್ತಿ ಇಳಿದವರಿಗೆ ರಾಮೇಶ್ವರದ ಪ್ರಾಕಾರಗಳ ನಡಿಗೆ ಕಷ್ಟವಾಗುವುದಿಲ್ಲ.

ಯಾವಾಗ ಹೋಗಬೇಕು

ಜನವರಿಯಿಂದ ಮಾರ್ಚ್ ಮಧ್ಯದವರೆಗೆ. ನಮ್ಮಲ್ಲಿ ಭತ್ತದ ಒಕ್ಕಣೆ ಮುಗಿದು ಕೈಯಲ್ಲಿ ನಾಲ್ಕು ಕಾಸೂ, ಸ್ವಲ್ಪ ಬಿಡುವೂ ಇರುವ ಹೊತ್ತದು. ನಮ್ಮ ಕಡೆ ಮಳೆ ನಿಂತ ಮೇಲೆ ಅಲ್ಲಿ ಶುರುವಾಗುತ್ತದೆ ಎಂಬುದನ್ನು ಮರೆಯಬೇಡಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು ಮಳೆ, ಚಂಡಮಾರುತದ ಕಾಲ. ಗಾಳಿ ಜೋರಾದರೆ ಪಂಬನ್ ಸೇತುವೆ ಮೇಲೆ ರೈಲು ಬಿಡುವುದಿಲ್ಲ, ಧನುಷ್ಕೋಟಿ ರಸ್ತೆಯನ್ನೂ ಮುಚ್ಚುತ್ತಾರೆ. ಏಪ್ರಿಲ್–ಮೇ ಬಿಸಿಲಿಗೆ ಬಳ್ಳಾರಿಯವರು ಹೆದರುವುದಿಲ್ಲ ನಿಜ, ಆದರೆ ಅಲ್ಲಿಯದು ಬೆವರು ಸುರಿಸುವ ಸೆಕೆ. ನಮ್ಮ ಒಣ ಬಿಸಿಲಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ತಪ್ಪಿಸಬೇಕಾದ ದಿನಗಳು ಅಮಾವಾಸ್ಯೆಗಳು. ಅದರಲ್ಲೂ ಮೂರು. ನಮ್ಮ ಭೀಮನ ಅಮಾವಾಸ್ಯೆ ಸಾಮಾನ್ಯವಾಗಿ ಅವರಿಗೆ ಆಡಿ ಅಮಾವಾಸ್ಯೆ. ನಮ್ಮ ಅವರಾತ್ರಿ ಅಮಾವಾಸ್ಯೆ ಅವರಿಗೆ ತೈ ಅಮಾವಾಸ್ಯೆ. ಮಹಾಲಯ ಅಮಾವಾಸ್ಯೆ ಇಬ್ಬರಿಗೂ ಒಂದೇ. ಹಿರಿಯರಿಗೆ ಎಳ್ಳುನೀರು ಬಿಡಲು ಇಡೀ ತಮಿಳುನಾಡು ಅಂದು ಗುಡಿ ಎದುರಿನ ಸಮುದ್ರದಲ್ಲಿ, ಅಂದರೆ ಅಗ್ನಿತೀರ್ಥದಲ್ಲಿರುತ್ತದೆ. ಪಿತೃಕಾರ್ಯಕ್ಕೆಂದೇ ಹೋಗುವವರಿಗೆ ಆ ದಿನವೇ ಬೇಕಿರಬಹುದು, ಅದು ಬೇರೆ ಮಾತು. ಬರೀ ದರ್ಶನಕ್ಕೆ ಹೋಗುವವರು ಶನಿವಾರ, ಭಾನುವಾರವನ್ನೂ ಬಿಟ್ಟು ವಾರದ ನಡುವೆ ದ್ವೀಪದಲ್ಲಿರುವ ಹಾಗೆ ಲೆಕ್ಕ ಹಾಕಿ.

ರೈಲಿನ ಲೆಕ್ಕ

ಕೊಪ್ಪಳ, ಹೊಸಪೇಟೆ, ಬಳ್ಳಾರಿಯವರಿಗೆ ಹಂಪಿ ಎಕ್ಸ್‌ಪ್ರೆಸ್ ಇದ್ದೇ ಇದೆ. ರಾತ್ರಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಸಿಂಧನೂರು, ಕಾರಟಗಿ, ಗಂಗಾವತಿ ಕಡೆಯವರು ಯಶವಂತಪುರದ ರೈಲನ್ನೂ ನೋಡಬಹುದು. ಅಲ್ಲಿಂದ ಮಧುರೈ ಮೇಲೆ ರಾಮೇಶ್ವರಕ್ಕೆ ಹೋಗುವುದು. ಬೆಂಗಳೂರಿನಿಂದ ಮಧುರೈಗೆ ಎರಡು ಒಳ್ಳೆಯ ದಾರಿ.

ಒಂದು ವಂದೇ ಭಾರತ್. 2024ರ ಆಗಸ್ಟ್ 31ರಂದು ಶುರುವಾದ ರೈಲು. ಕಂಟೋನ್ಮೆಂಟ್‌ನಿಂದ ಮಧ್ಯಾಹ್ನ ಒಂದೂವರೆ ಸುಮಾರಿಗೆ ಹೊರಟು ರಾತ್ರಿ ಹತ್ತರ ಒಳಗೆ ಮಧುರೈ ಸೇರಿಸುತ್ತದೆ. ಮಂಗಳವಾರ ಓಡುವುದಿಲ್ಲ. ಇದನ್ನು ಗಮನದಲ್ಲಿಟ್ಟು ಹೊರಡುವ ದಿನ ಆರಿಸಿ. ನಾನು ಕೆಳಗೆ ಕೊಡುವ ಲೆಕ್ಕದಲ್ಲಿ ಸೋಮವಾರ ರಾತ್ರಿ ಊರು ಬಿಟ್ಟರೆ ಹೋಗುವಾಗ ಸಿಕ್ಕಿಬೀಳುತ್ತೀರಿ, ಗುರುವಾರ ರಾತ್ರಿ ಬಿಟ್ಟರೆ ಬರುವಾಗ. ಶನಿವಾರ ರಾತ್ರಿ ಹೊರಟರೆ ಸೋಮವಾರ, ಮಂಗಳವಾರದ ರಾತ್ರಿಗಳು ದ್ವೀಪದಲ್ಲಿ ಸಿಗುತ್ತವೆ. ಅದೇ ಚೆನ್ನ.

ಎರಡನೆಯದು ಮೈಸೂರು–ತೂತ್ತುಕುಡಿ ಎಕ್ಸ್‌ಪ್ರೆಸ್. ಹಗಲೆಲ್ಲ ಬೆಂಗಳೂರಿನಲ್ಲಿ ನೆಂಟರ ಮನೆ ನೋಡಿಕೊಂಡು ರಾತ್ರಿ ಹತ್ತುವುದು, ಬೆಳಿಗ್ಗೆ ಮಧುರೈ. ಸ್ಲೀಪರ್ ಇದೆ, ಟಿಕೆಟ್ ಅಗ್ಗ, ಮಧುರೈಯಲ್ಲಿ ರೂಮಿನ ಖರ್ಚೂ ಉಳಿಯುತ್ತದೆ. ಆದರೆ ಎರಡು ರಾತ್ರಿ ಒಂದರ ಹಿಂದೊಂದು ರೈಲಿನಲ್ಲಿ ಮಲಗಿದ ವಯಸ್ಸಾದವರು ಮೂರನೇ ದಿನ ಸೋತುಹೋಗುತ್ತಾರೆ. ಜೊತೆಯಲ್ಲಿ ಅರವತ್ತು ದಾಟಿದವರಿದ್ದರೆ ವಂದೇ ಭಾರತ್‌ಗೆ ಹಣ ಹಾಕಿ, ಮಧುರೈ ಸ್ಟೇಷನ್ ಎದುರು ಒಂದು ರಾತ್ರಿ ಮಲಗಿಸಿ.

ರಾಯಚೂರಿನವರಿಗೆ ಬೆಂಗಳೂರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಇದೆ. ಅದರ ಬದಲು ಮುಂಬೈ–ಚೆನ್ನೈ ಮಾರ್ಗದ ರೈಲು ಹಿಡಿದು ಚೆನ್ನೈಗೆ ಹೋಗುವುದೂ ಒಂದು ದಾರಿ. ಅಲ್ಲಿಂದ ರಾತ್ರಿ ಹೊರಟು ಬೆಳಿಗ್ಗೆ ನೇರ ರಾಮೇಶ್ವರ ಸೇರುವ ರೈಲುಗಳಿವೆ. ಇವು ಚೆನ್ನೈ ಸೆಂಟ್ರಲ್‌ನಿಂದ ಹೊರಡುವುದಿಲ್ಲ. ಎಗ್ಮೋರೋ ತಾಂಬರಮ್ಮೋ ಟಿಕೆಟ್ ಮೇಲೆ ಕಣ್ಣಿಟ್ಟು ಓದಿ. ತಾಂಬರಂ ಊರಾಚೆ ಇದೆ, ಲೋಕಲ್ ರೈಲಿನಲ್ಲಿ ಹೋಗಲು ಹೊತ್ತು ಬೇಕು. ಹುಬ್ಬಳ್ಳಿಯಿಂದ ರಾಮೇಶ್ವರಕ್ಕೆ ವಾರಕ್ಕೊಮ್ಮೆ ಸ್ಪೆಷಲ್ ರೈಲು ಓಡಿಸುತ್ತಾ ಬಂದಿದ್ದಾರೆ. ನೀವು ಹೋಗುವ ತಿಂಗಳಲ್ಲಿ ಅದು ಇದ್ದರೆ ಕೊಪ್ಪಳದವರಿಗೆ ಅದಕ್ಕಿಂತ ಸಲೀಸು ಬೇರೆ ಇಲ್ಲ.

ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಮೊದಲು ಮಧುರೈ ಟಿಕೆಟ್, ಆಮೇಲೆ ಹಂಪಿ ಎಕ್ಸ್‌ಪ್ರೆಸ್. ನಮ್ಮೂರಿನಿಂದ ಬೆಂಗಳೂರಿಗೆ ಸೀಟು ಸಿಗದಿದ್ದರೆ ಬಸ್ಸಾದರೂ ಇದೆ. ತತ್ಕಾಲ್ ನೆಚ್ಚಿಕೊಂಡು ಮುದುಕರನ್ನು ಹೊರಡಿಸಬೇಡಿ.

ಸ್ವಂತ ಕಾರಿನಲ್ಲಿ ಹೋಗುವವರಿಗೆ ಹೊಸಪೇಟೆಯಿಂದ ಹತ್ತಿರ ಹತ್ತಿರ 950 ಕಿಲೋಮೀಟರ್. ಚಿತ್ರದುರ್ಗ, ತುಮಕೂರು, ಬೆಂಗಳೂರು, ಹೊಸೂರು, ಸೇಲಂ, ಕರೂರು, ದಿಂಡಿಗಲ್, ಮಧುರೈ, ರಾಮನಾಥಪುರಂ. ರಸ್ತೆ ಚೆನ್ನಾಗಿದೆ. ಒಂದೇ ದಿನಕ್ಕೆ ಓಡಿಸಿಬಿಡುತ್ತೇವೆ ಎನ್ನುವ ಹುಡುಗರ ಮಾತು ಕೇಳಬೇಡಿ, ಸೇಲಂನಲ್ಲಿ ಮಲಗಿ ಹೋಗಿ. ಟೆಂಪೋ ಮಾಡಿಕೊಂಡೇ ಹೋಗುವುದಾದರೆ ತಮಿಳುನಾಡಿನ ಪರ್ಮಿಟ್, ಟ್ಯಾಕ್ಸ್ ಯಾರ ಲೆಕ್ಕಕ್ಕೆ ಎಂಬುದನ್ನು ಅಡ್ವಾನ್ಸ್ ಕೊಡುವ ಮುಂಚೆಯೇ ಮಾತಾಡಿ. ಹೊಸೂರಿನ ಚೆಕ್‌ಪೋಸ್ಟ್‌ನಲ್ಲಿ ನಿಂತು ಆಡುವ ಜಗಳ ಅಲ್ಲ ಅದು.

ಏನು ಒಯ್ಯಬೇಕು

ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಒಂದಿಷ್ಟು ಮಂಡಕ್ಕಿ. ಇದು ಹೇಳಿಕೊಡಬೇಕಾದ ವಿಷಯವಲ್ಲ, ಆದರೂ ಹೇಳುತ್ತೇನೆ. ರಾಮೇಶ್ವರದಲ್ಲಿ ಇಡ್ಲಿ, ಪೊಂಗಲ್, ಅನ್ನ–ಸಾಂಬಾರ್ ಧಾರಾಳ. ಉತ್ತರ ಭಾರತದ ಯಾತ್ರಿಗಳಿಗಾಗಿ ಚಪಾತಿ, ಪೂರಿಯೂ ಸಿಗುತ್ತದೆ. ಜೋಳದ ರೊಟ್ಟಿ ಮಾತ್ರ ಕೇಳಬೇಡಿ. ಮೂರನೇ ದಿನಕ್ಕೆ ನಮ್ಮವರ ಹೊಟ್ಟೆ ರೊಟ್ಟಿ ಹುಡುಕುತ್ತದೆ.

ಬಟ್ಟೆಯಲ್ಲಿ ಒಂದು ಜಾಣತನ ಬೇಕು. ಗುಡಿಯೊಳಗಿನ 22 ತೀರ್ಥಗಳ, ಅಂದರೆ ಬಾವಿಗಳ, ಸ್ನಾನ ಮೈಮೇಲಿನ ಬಟ್ಟೆಯಲ್ಲೇ ಆಗುವುದು. ಹೆಂಗಸರಿಗೆ ದಪ್ಪ ಹತ್ತಿಯ, ಗಾಢ ಬಣ್ಣದ ಚೂಡಿದಾರ ಅಥವಾ ಸೀರೆ. ಸಿಂಥೆಟಿಕ್ ಸೀರೆ ಒದ್ದೆಯಾದರೆ ಕಾಲಿಗೆ ಸುತ್ತಿಕೊಂಡು ಎಡವಿಸುತ್ತದೆ. ಗಂಡಸರಿಗೆ ಪಂಚೆ, ಒಳಗೆ ಚಡ್ಡಿ. ದರ್ಶನಕ್ಕೆ ಬೇರೆ ಒಣ ಬಟ್ಟೆ. ಒದ್ದೆ ಬಟ್ಟೆಯಲ್ಲಿ ಗರ್ಭಗುಡಿಯ ಕಡೆಗೆ ಬಿಡುವುದಿಲ್ಲ. ಬರ್ಮುಡಾ, ಲೆಗ್ಗಿಂಗ್ಸ್ ಬೇಡ.

ಕಿವಿಯ ಓಲೆ, ಬೆರಳಿನ ಉಂಗುರ ಊರಲ್ಲೇ ಬಿಟ್ಟುಬನ್ನಿ. ಮಾಂಗಲ್ಯಕ್ಕೆ ಒಂದು ಪಿನ್ನು ಹಾಕಿ. ಕಾಶಿಯಿಂದ ತಂದ ಗಂಗೆ ಮನೆಯಲ್ಲಿದ್ದರೆ ತಪ್ಪದೆ ಒಯ್ಯಿರಿ. ಅಭಿಷೇಕಕ್ಕೆ ಕೊಡಲು ತಾಮ್ರ ಅಥವಾ ಹಿತ್ತಾಳೆಯ ಗಿಂಡಿಯಲ್ಲೇ ಇರಲಿ. ಹೊರಡುವಾಗ ಸಮುದ್ರದ ಮರಳು ತರಲು ಒಂದು ಸಣ್ಣ ಡಬ್ಬಿಯೂ ಬೇಕು. ಯಾಕೆಂದು ಮುಂದೆ ಹೇಳುತ್ತೇನೆ.

ರೂಮನ್ನು ಗುಡಿಯ ಪೂರ್ವ ಬಾಗಿಲಿನಿಂದ ನಡೆದುಹೋಗುವಷ್ಟು ದೂರದಲ್ಲಿ ಹಿಡಿಯಿರಿ. ದೇವಸ್ಥಾನದ ವಸತಿಗೃಹಗಳಿವೆ, ಮಠಗಳಿವೆ, ಲಾಡ್ಜುಗಳಂತೂ ಸಾಲು ಸಾಲು. ಸಮುದ್ರ ಕಾಣುವ ದೊಡ್ಡ ಹೋಟೆಲ್ ದೂರದಲ್ಲಿದ್ದರೆ ಯಾತ್ರೆಗೆ ಉಪಯೋಗವಿಲ್ಲ. ಒದ್ದೆ ಬಟ್ಟೆಯಲ್ಲಿ ನಡುಗುತ್ತಾ ಆಟೋ ಹುಡುಕುವುದು ಯಾರಿಗೆ ಬೇಕು?

ಭಾಷೆಯ ಚಿಂತೆ ಬೇಡ. ಬಳ್ಳಾರಿ, ರಾಯಚೂರಿನವರಿಗೆ ತೆಲುಗು ನಾಲಿಗೆ ಮೇಲಿರುತ್ತದೆ. ಆಂಧ್ರ, ತೆಲಂಗಾಣದ ಯಾತ್ರಿಗಳು ಅಷ್ಟು ಬರುವುದರಿಂದ ಅಂಗಡಿ, ಆಟೋದವರಿಗೆ ತೆಲುಗು ಗೊತ್ತು. ಹಿಂದಿಯೂ ನಡೆಯುತ್ತದೆ.

ಮೊದಲ ಹೆಜ್ಜೆ: ಸಮುದ್ರ ದಾಟುವುದು

ಮಧುರೈಯಿಂದ ರಾಮೇಶ್ವರ ಸುಮಾರು 170 ಕಿಲೋಮೀಟರ್. ಬಸ್ಸುಗಳು ಬೇಕಾದಷ್ಟು. ಆದರೆ ಬೆಳಗಿನ ಪ್ಯಾಸೆಂಜರ್ ರೈಲೇ ಹಿಡಿಯಿರಿ. ಮಂಡಪಂ ಸ್ಟೇಷನ್ ದಾಟಿದ ಮೇಲೆ ಕಿಟಕಿಯ ಎರಡೂ ಕಡೆ ನೆಲ ಮುಗಿದು ನೀರು ಶುರುವಾಗುತ್ತದೆ. ಅದನ್ನು ನೋಡಲು ಬಾಗಿಲಿಗೆ ನುಗ್ಗಬೇಡಿ, ಗಾಳಿ ಜೋರು. ಕಿಟಕಿ ಸಾಕು.

1914ರಲ್ಲಿ ಕಟ್ಟಿದ ಹಳೆಯ ಪಂಬನ್ ಸೇತುವೆಯ ಮೇಲೆ ರೈಲು ನಿಂತಿದ್ದು 2022ರ ಡಿಸೆಂಬರ್‌ನಲ್ಲಿ. ಪಕ್ಕದಲ್ಲೇ ಕಟ್ಟಿದ ಹೊಸ ಸೇತುವೆ 2025ರ ಏಪ್ರಿಲ್ 6ರಂದು, ರಾಮನವಮಿಯ ದಿನ, ಉದ್ಘಾಟನೆಯಾಯಿತು. ಎರಡು ಕಿಲೋಮೀಟರ್‌ಗಿಂತ ಸ್ವಲ್ಪ ಉದ್ದ. ನಡುವಿನ 72.5 ಮೀಟರ್ ಭಾಗ ಹಡಗು ಬಂದಾಗ ಲಿಫ್ಟಿನಂತೆ ನೆಟ್ಟಗೆ 17 ಮೀಟರ್ ಮೇಲೆ ಏಳುತ್ತದೆ. ಹಳೆಯದರಲ್ಲಿ ಎರಡು ರೆಕ್ಕೆ ಬಿಚ್ಚುತ್ತಿದ್ದವು, ಆಳುಗಳು ನಿಂತು ತಿರುಗಿಸಬೇಕಿತ್ತು. ಹೊಸ ಸೇತುವೆಗೆ ಅಡಿಗಲ್ಲು ಹಾಕಿದ್ದು 2019ರಲ್ಲಿ. ವಾಲ್ಮೀಕಿಯ ಲೆಕ್ಕದಲ್ಲಿ ನಲ ನೂರು ಯೋಜನದ ಸೇತುವೆ ಕಟ್ಟಿ ಮುಗಿಸಿದ್ದು ಐದೇ ದಿನಕ್ಕೆ. ನಮ್ಮೂರಿನ ಕೆಲಸಗಾರರು ಅಂದರೆ ಸುಮ್ನೆ ಅಲ್ಲ!

ಇಳಿದ ದಿನ ಸ್ನಾನದ ಗಡಿಬಿಡಿ ಬೇಡ. ಊಟ ಮಾಡಿ, ಮಲಗಿ. ಗುಡಿ ಮಧ್ಯಾಹ್ನ ಒಂದರ ಸುಮಾರಿಗೆ ಮುಚ್ಚಿ ಮೂರಕ್ಕೆ ತೆರೆಯುತ್ತದೆ. ನಾಲ್ಕಕ್ಕೆ ಹೋಗಿ ಬರೀ ಪ್ರಾಕಾರ ಸುತ್ತಿ. ಮೊಬೈಲ್ ಒಳಗೆ ಬಿಡುವುದಿಲ್ಲ, ರೂಮಿನಲ್ಲೇ ಇಟ್ಟರೆ ಲಾಕರ್ ಸಾಲಿನಲ್ಲಿ ನಿಲ್ಲುವ ಕೆಲಸ ಉಳಿಯುತ್ತದೆ. ಮೂರನೇ ಪ್ರಾಕಾರದಲ್ಲಿ 1212 ಕಂಬಗಳು. ಒಂದು ಮೂಲೆಯಲ್ಲಿ ನಿಂತು ಉದ್ದಕ್ಕೆ ನೋಡಿ, ಎರಡೂ ಬದಿಯ ಕಂಬಗಳು ದೂರದಲ್ಲಿ ಒಂದನ್ನೊಂದು ಮುಟ್ಟಿದಂತೆ ಕಾಣುತ್ತವೆ. ಹಂಪಿ ನೋಡಿ ಬೆಳೆದ ನಮಗೆ ಕಲ್ಲಿನ ಕಂಬ ಹೊಸದಲ್ಲ. ಆದರೆ ಹಂಪಿಯಲ್ಲಿ ಪೂಜೆ ನಿಂತ ಮಂಟಪಗಳನ್ನೇ ಜಾಸ್ತಿ ನೋಡಿದ್ದೇವೆ. ಇಲ್ಲಿ ಅಷ್ಟು ಉದ್ದದ ಕಲ್ಲಿನ ಓಣಿಯಲ್ಲಿ ಜನ ತುಂಬಿ ನಡೆಯುತ್ತಾರೆ, ಮಕ್ಕಳು ಓಡುತ್ತವೆ, ಅಜ್ಜಿಯರು ಕಂಬಕ್ಕೆ ಒರಗಿ ಕೂತಿರುತ್ತಾರೆ. ರಾಮನಾಥಪುರಂನ ಸೇತುಪತಿ ಅರಸರು ಇದನ್ನು ಪೂರ್ತಿ ಮಾಡಿದ್ದು 18ನೇ ಶತಮಾನದಲ್ಲಿ. ಒಂದು ಸುತ್ತು ನಿಧಾನಕ್ಕೆ ಹಾಕಿ. ದಾರಿಯಲ್ಲಿ ಬಾವಿಗಳು ಎಲ್ಲಿವೆ, ಟಿಕೆಟ್ ಕೌಂಟರ್ ಎಲ್ಲಿದೆ, ಬಟ್ಟೆ ಬದಲಿಸುವ ಜಾಗ ಎಲ್ಲಿದೆ ನೋಡಿಟ್ಟುಕೊಳ್ಳಿ. ಮರುದಿನ ಒದ್ದೆ ಮೈಯಲ್ಲಿ ಹುಡುಕುವುದು ತಪ್ಪುತ್ತದೆ.

ಎರಡನೇ ಹೆಜ್ಜೆ: ಸ್ಫಟಿಕ ಲಿಂಗ, ಅಗ್ನಿತೀರ್ಥ, 22 ಬಾವಿ

ಬೆಳಿಗ್ಗೆ ನಾಲ್ಕಕ್ಕೆ ಏಳಬೇಕು. ರೂಮಿನಲ್ಲಿ ಸ್ನಾನ, ಒಣ ಬಟ್ಟೆ. ಐದರಿಂದ ಆರರ ನಡುವೆ ಸ್ಫಟಿಕ ಲಿಂಗದ ದರ್ಶನವಿರುತ್ತದೆ, ಅದಕ್ಕೆ ಬೇರೆ ಟಿಕೆಟ್. ಹಾಲು, ನೀರು ಸುರಿದಾಗ ಆ ಲಿಂಗದ ಹಿಂದಿನ ದೀಪ ಅದರೊಳಗೇ ಉರಿದಂತೆ ಕಾಣುತ್ತದೆ. ನಿಲ್ಲಲು ಬಿಡುವುದು ಕೆಲವೇ ಕ್ಷಣ. ತಲೆ ಬಗ್ಗಿಸಿ ಕಣ್ಣು ಮುಚ್ಚಿಕೊಂಡು ಆ ಹೊತ್ತನ್ನು ಕಳೆಯಬೇಡಿ, ಕಣ್ಣು ಬಿಟ್ಟು ನೋಡಿ. ಕೈ ಆಮೇಲೆ ಮುಗಿಯಬಹುದು.

ಅಲ್ಲಿಂದ ರೂಮಿಗೆ ಬಂದು ಸ್ನಾನದ ಬಟ್ಟೆ ಹಾಕಿಕೊಂಡು ಅಗ್ನಿತೀರ್ಥಕ್ಕೆ. ಪೂರ್ವ ಗೋಪುರದ ಎದುರಿಗೇ ಸಮುದ್ರ. ಅಲೆ ಎಂಬುದೇ ಇಲ್ಲದ, ಕೆರೆಯ ಹಾಗೆ ನಿಂತ ನೀರು. ಮೊಣಕಾಲು, ಸೊಂಟದವರೆಗೆ ಹೋಗಿ ಮೂರು ಮುಳುಗು ಹಾಕಿದರೆ ಸಾಕು. ಬೇರೆ ಕಡೆ ಸಮುದ್ರಸ್ನಾನಕ್ಕೆ ಪರ್ವಕಾಲ ನೋಡಬೇಕು, ಸೇತುವಿನಲ್ಲಿ ಆ ಕಟ್ಟುಪಾಡಿಲ್ಲ ಎಂದು ಹಿರಿಯರು ಹೇಳುತ್ತಾರೆ. ಉಟ್ಟ ಬಟ್ಟೆಯನ್ನು ನೀರಿಗೆ ಬಿಟ್ಟರೆ ಪಾಪ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅಲ್ಲಿ ಮುಳುಗುವವರ ಕಾಲಿಗೆ ತೊಡರುವುದು ಅಂಥ ಬಟ್ಟೆಗಳೇ.

ತರ್ಪಣ, ಸಂಕಲ್ಪ, ಪಿಂಡ ಮಾಡಿಸುವವರು ಮುಂಚೆಯೇ ಪುರೋಹಿತರ ಹತ್ತಿರ ಮಾತಾಡಿ ಒಟ್ಟು ಎಷ್ಟು ಎಂದು ಖಚಿತ ಮಾಡಿಕೊಳ್ಳಿ. ಸಾಮಾನು, ದಕ್ಷಿಣೆ, ಗೋದಾನ ಎಲ್ಲ ಸೇರಿಯೋ ಬೇರೆಯೋ? ನೀರಿನಲ್ಲಿ ನಿಂತು ಕೈಯಲ್ಲಿ ಎಳ್ಳು ಹಿಡಿದುಕೊಂಡ ಮೇಲೆ ಚೌಕಾಶಿ ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ಊರಿನ ಪುರೋಹಿತರು, ಮಠದವರು ಯಾರನ್ನಾದರೂ ಹೇಳಿಕೊಟ್ಟರೆ ಅವರನ್ನೇ ಹುಡುಕುವುದು ಒಳ್ಳೆಯದು.

ಇನ್ನು ಬಾವಿಗಳು. ಗುಡಿಯ ಒಳಗೇ 22 ತೀರ್ಥ. ಟಿಕೆಟ್ ಕೌಂಟರಿನಲ್ಲಿ ತಲೆಗೆ 25 ರೂಪಾಯಿ. ಹೊರಗೆ ರಸ್ತೆಯಲ್ಲೇ ನಿಮ್ಮನ್ನು ತಡೆದು, ಸ್ಪೆಷಲ್ ಸ್ನಾನ, ಸ್ಪೆಷಲ್ ದರ್ಶನ ಎಂದು ನೂರಾರು ರೂಪಾಯಿ ಹೇಳುವವರು ಸಿಗುತ್ತಾರೆ. ಅವರನ್ನು ದಾಟಿ ಕೌಂಟರಿಗೇ ಹೋಗಿ. ಒಳಗೆ ಬಾವಿಯ ಕಟ್ಟೆ ಮೇಲೆ ಒಬ್ಬ ನಿಂತಿರುತ್ತಾನೆ. ಹಗ್ಗ ಕಟ್ಟಿದ ಸಣ್ಣ ಬಕೆಟ್ಟನ್ನು ಕೆಳಗೆ ಬಿಟ್ಟು ಸರ್ರನೆ ಎಳೆದು, ಎದುರಿಗೆ ಸಾಲಾಗಿ ನಿಂತವರ ತಲೆ ಮೇಲೆ ಬೀಸಿ ಸುರಿಯುತ್ತಾನೆ. ಕೆಲವು ಕಡೆ ಪೂರ್ತಿ ಬಕೆಟ್ಟು, ಕೆಲವು ಕಡೆ ನಾಲ್ಕು ಹನಿ. ಗದ್ದಲದ ದಿನ ಹಿಂದೆ ನಿಂತವರಿಗೆ ಚಿಮುಕಿಸಿದ್ದಷ್ಟೇ ಭಾಗ್ಯ. ಒಂದು ಗುಂಪಿಗೆ ಬಕೆಟ್ಟು ಹಿಡಿದವನೊಬ್ಬನನ್ನು ಗೊತ್ತುಮಾಡಿಕೊಂಡರೆ ಅವನು ಎಲ್ಲ ಬಾವಿಗೂ ಜೊತೆಯಲ್ಲೇ ಬಂದು ಸರಿಯಾಗಿ ಹೊಯ್ಯುತ್ತಾನೆ. ಅವನಿಗೆ ಕೊಡುವ ಹಣವನ್ನೂ ಮೊದಲೇ ಮಾತಾಡಿ.

ಬಾವಿಗಳ ಹೆಸರಿನ ಫಲಕ ಓದುತ್ತಾ ಹೋಗಿ. ಮಹಾಲಕ್ಷ್ಮಿ, ಸಾವಿತ್ರಿ, ಗಾಯತ್ರಿ, ಸರಸ್ವತಿ, ಗಂಗೆ, ಯಮುನೆ, ಗಯೆ, ಶಂಖ, ಚಕ್ರ, ಸೂರ್ಯ, ಚಂದ್ರ. ಇವು ಯಾವ ಕ್ಷೇತ್ರದಲ್ಲಾದರೂ ಸಿಗುವ ಹೆಸರುಗಳು. ನಡುವೆ ಬರುತ್ತವೆ ನೋಡಿ: ನಲ, ನೀಲ, ಗವಯ, ಗವಾಕ್ಷ, ಗಂಧಮಾದನ. ಎಲ್ಲ ಸುಗ್ರೀವನ ಸೈನ್ಯದವರು. ಕಿಷ್ಕಿಂಧೆಯಿಂದ ಹೋದ ನಾವು ನಮ್ಮೂರಿನವರ ಹೆಸರಿನ ನೀರನ್ನು ಅಲ್ಲಿ ಹೊಯ್ಯಿಸಿಕೊಳ್ಳುತ್ತೇವೆ. ಜೊತೆಗೆ ಬಂದ ಮಕ್ಕಳಿಗೆ ಇದನ್ನು ಹೇಳಿ, ಮುಂದಿನ ಬಾವಿಗೆ ತಾವೇ ಓಡುತ್ತವೆ. ಸಮುದ್ರದಿಂದ ಕೂಗಳತೆಯಲ್ಲಿದ್ದರೂ ಬಾವಿಗಳ ನೀರು ಸಿಹಿ. ಒಂದರದ್ದು ತಣ್ಣಗಿದ್ದರೆ ಇನ್ನೊಂದರದ್ದು ಬೆಚ್ಚಗೆ.

ಎಚ್ಚರ ಬೇಕಿರುವುದು ನೆಲದ ಬಗ್ಗೆ. ಸಾವಿರಾರು ಜನ ಒದ್ದೆ ಕಾಲಲ್ಲಿ ತುಳಿದ ಕಲ್ಲು, ಜಾರುತ್ತದೆ. ಹಿರಿಯರ ಕೈಯನ್ನು ಒಬ್ಬರು ಬಿಡದೆ ಹಿಡಿದಿರಲಿ. ಕೆಮ್ಮು, ದಮ್ಮು ಇರುವವರಿಗೆ, ಹೃದಯದ ತೊಂದರೆ ಇರುವವರಿಗೆ ಎಲ್ಲ ಬಾವಿಯೂ ಆಗಲೇಬೇಕು ಎಂಬ ಹಟ ಬೇಡ. ಕೊನೆಯ ಕೋಟಿತೀರ್ಥದ ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡರೂ ಮನಸ್ಸಿಗೆ ಸಮಾಧಾನವಾಗುತ್ತದೆ. ಸಕ್ಕರೆ ಕಾಯಿಲೆಯವರು ರೂಮಿಗೆ ಬಂದ ಮೇಲೆ ಅಂಗಾಲು ನೋಡಿಕೊಳ್ಳಿ.

ಮೂರನೇ ಹೆಜ್ಜೆ: ದರ್ಶನ

ಒಣ ಬಟ್ಟೆ ಹಾಕಿಕೊಂಡು ಮತ್ತೆ ಗುಡಿಗೆ. ಇಲ್ಲಿ ಎರಡು ಲಿಂಗ. ಕಥೆ ಗೊತ್ತಿದ್ದರೆ ದರ್ಶನದ ಕ್ರಮವೂ ಅರ್ಥವಾಗುತ್ತದೆ. ರಾವಣನನ್ನು ಕೊಂದ ದೋಷ ಕಳೆಯಲು ರಾಮ ಶಿವಪೂಜೆ ಮಾಡಬೇಕು. ಲಿಂಗ ತರಲು ಹನುಮಪ್ಪ ಕೈಲಾಸಕ್ಕೆ ಹೋದ. ಬರುವುದು ತಡವಾಯಿತು, ಮುಹೂರ್ತ ಮೀರುತ್ತಿತ್ತು, ಸೀತಮ್ಮ ಮರಳಿನಲ್ಲೇ ಲಿಂಗ ಮಾಡಿದಳು. ಪೂಜೆ ಆಯಿತು. ಅಷ್ಟೊತ್ತಿಗೆ ಹನುಮಪ್ಪ ಬಂದ. ಅಷ್ಟು ದೂರದಿಂದ ಹೊತ್ತು ತಂದದ್ದು ವ್ಯರ್ಥವಾಯಿತಲ್ಲ ಎಂದು ಸಿಟ್ಟಿಗೆ ಮರಳಿನ ಲಿಂಗಕ್ಕೆ ಬಾಲ ಸುತ್ತಿ ಕೀಳಲು ನೋಡಿದ, ಲಿಂಗ ಅಲ್ಲಾಡಲಿಲ್ಲ. ರಾಮ ಅವನನ್ನು ಸಮಾಧಾನ ಮಾಡಿ, ನೀನು ತಂದ ಲಿಂಗಕ್ಕೇ ಮೊದಲ ಪೂಜೆ ಎಂದ. ಆ ಮಾತು ಇವತ್ತಿಗೂ ನಡೆಯುತ್ತಿದೆ. ಹನುಮಪ್ಪ ತಂದ ವಿಶ್ವನಾಥನಿಗೆ ಮೊದಲು, ಸೀತೆ ಮಾಡಿದ ರಾಮನಾಥನಿಗೆ ಆಮೇಲೆ. ಅಂಜನಾದ್ರಿಯ ಹುಡುಗನ ಮನಸ್ಸು ನೋಯಬಾರದೆಂದು ಜ್ಯೋತಿರ್ಲಿಂಗವೇ ಎರಡನೆಯ ಜಾಗಕ್ಕೆ ಸರಿದಿದೆ. ನನಗಂತೂ ಇಡೀ ಕ್ಷೇತ್ರದಲ್ಲಿ ಇದಕ್ಕಿಂತ ಇಷ್ಟವಾದದ್ದು ಇಲ್ಲ.

ಆಮೇಲೆ ಪರ್ವತವರ್ಧಿನಿ ಅಮ್ಮನವರು, ದೊಡ್ಡ ನಂದಿ, ಸೇತುಮಾಧವ. ಗಂಗೆ ತಂದಿದ್ದರೆ ಅಭಿಷೇಕದ ಚೀಟಿ ಕೌಂಟರಿನಲ್ಲೇ ಮಾಡಿಸಿ. ನೀವೇ ಒಳಗೆ ಹೋಗಿ ಎರೆಯುವಂತಿಲ್ಲ, ಅರ್ಚಕರ ಕೈಗೆ ಕೊಡಬೇಕು.

ಮಧ್ಯಾಹ್ನ ನಿದ್ದೆ. ಸಂಜೆ ಗಂಧಮಾದನ ಪರ್ವತಕ್ಕೆ ಆಟೋದಲ್ಲಿ ಹೋಗಿ. ಪರ್ವತ ಎಂಬ ಹೆಸರಿಗೆ ನಮ್ಮ ಕಡೆಯವರು ನಕ್ಕಾರು, ಅದೊಂದು ದಿಬ್ಬ ಅಷ್ಟೇ. ಆದರೂ ದ್ವೀಪದಲ್ಲಿ ಅದೇ ಎತ್ತರದ ಜಾಗ. ರಾಮಪಾದದ ಮಂಟಪದ ಮೇಲೆ ನಿಂತರೆ ನಾಲ್ಕೂ ಕಡೆ ದ್ವೀಪ ಕಾಣುತ್ತದೆ. ದಾರಿಯಲ್ಲಿ ತೇಲುವ ಕಲ್ಲು ತೋರಿಸುವ ಗುಡಿಗಳಿಗೆ ಆಟೋದವರು ಕರೆದೊಯ್ಯುತ್ತಾರೆ. ನೋಡಿ, ಕೊಳ್ಳಬೇಡಿ. ಹವಳದ ತುಂಡು, ಒಣಗಿದ ಸಮುದ್ರಕುದುರೆ ಮಾರುವುದು, ಒಯ್ಯುವುದು ಎರಡೂ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಬಲಮುರಿ ಶಂಖ ಎಂದು ಕೊಡುವುದರಲ್ಲೂ ಮೋಸ ಜಾಸ್ತಿ. ಅಬ್ದುಲ್ ಕಲಾಂ ಅವರ ಸ್ಮಾರಕ ಊರ ಹೊರಗಿದೆ, 2017ರಲ್ಲಿ ತೆರೆದದ್ದು. ಮಕ್ಕಳಿದ್ದರೆ ಬಿಡಬೇಡಿ.

ನಾಲ್ಕನೇ ಹೆಜ್ಜೆ: ಧನುಷ್ಕೋಟಿ

ಇದನ್ನು ಕೊನೆಯ ದಿನ ಬೆಳಿಗ್ಗೆಗೆ ಇಡಿ. ಮಧ್ಯಾಹ್ನ ಹೋದರೆ ನೆರಳಿಲ್ಲ, ಒಂದು ಮರವಿಲ್ಲ. ಸಂಜೆ ಪೊಲೀಸರು ಕತ್ತಲಾಗುವ ಮುಂಚೆ ಎಬ್ಬಿಸುತ್ತಾರೆ. ಊರಿನಿಂದ ತುದಿಯವರೆಗೆ 20 ಕಿಲೋಮೀಟರ್ ಹತ್ತಿರ, ಅರಿಚಲ್‌ಮುನೈವರೆಗೂ ಟಾರ್ ರಸ್ತೆ. ಈ ರಸ್ತೆ ಆದದ್ದು 2017ರಲ್ಲಿ. ಅದಕ್ಕೂ ಮುಂಚೆ ಮರಳಲ್ಲಿ ಜೀಪು, ವ್ಯಾನುಗಳೇ ಗತಿ. ರಸ್ತೆಯ ಒಂದು ಕಡೆ ಬಂಗಾಳ ಕೊಲ್ಲಿ ಸುಮ್ಮನೆ ಮಲಗಿರುತ್ತದೆ, ಇನ್ನೊಂದು ಕಡೆ ಮನ್ನಾರ್ ಕೊಲ್ಲಿ ಅಬ್ಬರಿಸುತ್ತಿರುತ್ತದೆ. ತುದಿಯಲ್ಲಿ ಎರಡೂ ಸೇರುತ್ತವೆ. ಅಲ್ಲಿಂದ ಲಂಕೆಯ ತಲೈಮನ್ನಾರ್‌ಗೆ 30 ಕಿಲೋಮೀಟರೂ ಇಲ್ಲ. ನಾವು ಕೊಪ್ಪಳದಿಂದ ಹೊಸಪೇಟೆಗೆ ಹೋಗುವುದೂ ಅಷ್ಟೇ ಅಲ್ವಾ, ಅದಕ್ಕೇ ರಾಮ ಇಲ್ಲೇ ನಿಂತ ಎನ್ನಿಸುತ್ತದೆ.

ತುದಿಯಲ್ಲಿ ನೀರಿಗೆ ಇಳಿಯಬೇಡಿ. ಸೆಳೆತ ಜೋರು. ಸೇತುಸ್ನಾನ ಮಾಡಲೇಬೇಕು ಎನ್ನುವವರು ಸ್ಥಳೀಯರು ತೋರಿಸಿದ ಜಾಗದಲ್ಲಿ ದಡದಲ್ಲೇ ಕೂತು ಚೊಂಬಿನಲ್ಲಿ ಹೊಯ್ದುಕೊಳ್ಳಿ.

ವಾಪಸ್ ಬರುವಾಗ ಹಾಳೂರಿನಲ್ಲಿ ಇಳಿಯಿರಿ. 1964ರ ಡಿಸೆಂಬರ್ 22ರ ರಾತ್ರಿಯ ಚಂಡಮಾರುತಕ್ಕೆ ಧನುಷ್ಕೋಟಿ ಪಟ್ಟಣವೇ ಹೋಯಿತು. ಪಂಬನ್‌ನಿಂದ ಬರುತ್ತಿದ್ದ ಪ್ಯಾಸೆಂಜರ್ ರೈಲು ಜನರ ಸಮೇತ ನೀರಿನಲ್ಲಿ ಮುಳುಗಿತು. ಹವಳದ ಕಲ್ಲಿನ ಚರ್ಚಿನ ಗೋಡೆ, ರೈಲ್ವೆ ಸ್ಟೇಷನ್ನಿನ ಅವಶೇಷ ಉಳಿದಿವೆ. ಗೋಡೆಯ ಹತ್ತಿರ ಹೋಗಿ ನೋಡಿದರೆ ಕಲ್ಲಿನೊಳಗೆ ಹವಳದ ಸುರುಳಿ, ರಂಧ್ರಗಳು ಹಾಗೇ ಕಾಣುತ್ತವೆ. ಮೀನುಗಾರರ ಗುಡಿಸಲುಗಳ ಬಳಿ ಮರಳಲ್ಲಿ ತೋಡಿದ ಒರತೆಗಳಿವೆ. ಎರಡು ಸಮುದ್ರದ ನಡುವೆ ಕುಡಿಯುವ ನೀರು ಅಲ್ಲಿ ಸಿಗುತ್ತದೆ. ಅದೇ ದಾರಿಯಲ್ಲಿ ಕೋದಂಡರಾಮನ ಗುಡಿ, ವಿಭೀಷಣ ರಾಮನಿಗೆ ಶರಣಾದ ಜಾಗ. ಆ ಚಂಡಮಾರುತದಲ್ಲೂ ಉಳಿದ ಗುಡಿ ಅದು.

ಮಾಧ್ವರ ಮನೆಗಳಲ್ಲಿ ಸೇತುಯಾತ್ರೆ ಎಂದರೆ ದರ್ಭಶಯನ, ನವಪಾಷಾಣ ಸೇರಿದರೇ ಪೂರ್ತಿ. ದರ್ಭಶಯನ ಎಂದರೆ ರಾಮನಾಥಪುರಂ ಹತ್ತಿರದ ತಿರುಪ್ಪುಲ್ಲಾಣಿ, ಸಮುದ್ರರಾಜ ದಾರಿ ಬಿಡಲಿ ಎಂದು ರಾಮ ಮೂರು ದಿನ ದರ್ಭೆಯ ಮೇಲೆ ಮಲಗಿದ ಜಾಗ. ನವಪಾಷಾಣ ದೇವಿಪಟ್ಟಣಂನಲ್ಲಿ, ಸಮುದ್ರದ ನೀರಿನೊಳಗೆ ನಿಂತ ಒಂಬತ್ತು ಕಲ್ಲು. ಇವೆರಡನ್ನೂ ನೋಡಬೇಕಾದರೆ ವಾಪಸ್ ಮಧುರೈಗೆ ರೈಲು ಬಿಟ್ಟು ಟ್ಯಾಕ್ಸಿ ಮಾಡಿ. ಎರಡೂ ದಾರಿಯ ಆಸುಪಾಸಿನಲ್ಲೇ ಇವೆ.

ಮರಳು, ನೀರು, ವಾಪಸ್

ಆ ಸಣ್ಣ ಡಬ್ಬಿಯಲ್ಲಿ ಸೇತುವಿನ ಮರಳು ತುಂಬಿಕೊಳ್ಳಿ, ಒಂದು ಹಿಡಿ ಸಾಕು. ಅದನ್ನು ಮನೆಯಲ್ಲಿ ಪೂಜೆಗಿಟ್ಟು, ಕಾಶಿಗೆ ಹೋದಾಗ ಪ್ರಯಾಗದ ಸಂಗಮದಲ್ಲಿ ಬಿಡಬೇಕು. ಅಲ್ಲಿಂದ ಗಂಗೆ ತಂದು ರಾಮನಾಥನಿಗೆ ಅಭಿಷೇಕ ಮಾಡಿದರೆ ಕಾಶಿಯಾತ್ರೆ ಪೂರ್ತಿ ಎಂಬುದು ಹಳೆಯ ಪದ್ಧತಿ. ಕಾಶಿಗೆ ನೀವೇ ಹೋಗಲು ಆಗದಿದ್ದರೆ ಓಣಿಯಲ್ಲಿ ಯಾರಾದರೂ ಹೋಗುವವರ ಕೈಗೆ ಕೊಟ್ಟರೂ ನಡೆಯುತ್ತದೆ. ಡಬ್ಬಿಯ ಮೇಲೆ ಹೆಸರು ಬರೆದಿಡಿ, ದೇವರ ಮನೆಯಲ್ಲಿ ರಂಗೋಲಿ ಪುಡಿ ಎಂದು ಯಾರಾದರೂ ಬಳಸಿಬಿಟ್ಟಾರು.

ಸಂಜೆಯ ರೈಲಿಗೆ ಮಧುರೈ ಸೇರಿ ಸ್ಟೇಷನ್ ಹತ್ತಿರವೇ ಮಲಗಿ. ಮೀನಾಕ್ಷಿಯನ್ನು ನೋಡದೆ ಹೇಗೆ ಬರುವುದು ಎನ್ನುವವರು ಧನುಷ್ಕೋಟಿಯಿಂದ ಬಂದ ಕೂಡಲೇ ಬಸ್ಸು ಹಿಡಿದರೆ ಸಂಜೆಯ ದರ್ಶನ ಸಿಗುತ್ತದೆ. ಬೆಂಗಳೂರಿನ ವಂದೇ ಭಾರತ್ ಬೆಳಿಗ್ಗೆ ಐದೂಕಾಲಿನ ಸುಮಾರಿಗೇ ಹೊರಡುತ್ತದೆ, ಅಲಾರಂ ಎರಡು ಮೊಬೈಲಿನಲ್ಲಿ ಇಡಿ. ಮಧ್ಯಾಹ್ನ ಒಂದಕ್ಕೆ ಕಂಟೋನ್ಮೆಂಟ್, ರಾತ್ರಿ ಹಂಪಿ ಎಕ್ಸ್‌ಪ್ರೆಸ್. ನಡುವಿನ ಹೊತ್ತಿಗೆ ಮೆಜೆಸ್ಟಿಕ್ ಸ್ಟೇಷನ್ನಿನಲ್ಲಿ ಕ್ಲೋಕ್ ರೂಮಿಗೆ ಚೀಲ ಹಾಕಿ. ಕೋಟಿತೀರ್ಥದ ನೀರಿನ ಬಾಟಲಿಯನ್ನು ಮಾತ್ರ ಕೈಯಲ್ಲೇ ಇಟ್ಟುಕೊಳ್ಳಿ. ಕುಡಿಯುವ ನೀರಿನ ಬಾಟಲಿಗಳ ಜೊತೆ ಸೇರಿದರೆ ಗುಂತಕಲ್ ಬರುವುದರೊಳಗೆ ಯಾರೋ ಅದರಲ್ಲಿ ಮಾತ್ರೆ ನುಂಗಿರುತ್ತಾರೆ.